ತೆಳುಗಾಲಿನ ಕುರ್ಚಿ, ಹೂವಿನ ದಿಂಬು

ಮಗಳು ಮದುವೆಯಾಗಿ ಹೋದಮೇಲೆ ಟೀಚರಮ್ಮನಿಗೂ ಅವರ ಯಜಮಾನರಿಗೂ ಮಾತಾಡೋಕೆ ವಿಷಯವೇ ಉಳಿದಿರಲಿಲ್ಲ. ಮನಸ್ತಾಪ ಅಂದ್ಕೋಬೇಡಿ, ಪಾಪ, ಅದಕ್ಕೂ ಒಂದು ಕಾರಣ ಬೇಡವೇ? "ಬಾಗಿಲು ಹಾಕಿದ್ಯಾ?", "ಹೂಂ" ಅನ್ನೋದರಲ್ಲೇ ದಿನ ಮುಗಿದುಹೋಗುತ್ತಿತ್ತು. ಕೊನೆಯವರೆಗೂ ಹೀಗೇ ಆದರೆ ಏನು ಗತಿ ಅಂತ ಟೀಚರಮ್ಮನಿಗೆ ನಿಜಕ್ಕೂ ಭಯವಾಗಿತ್ತು.

ಆಗ ಹಾಲ್‌ನ ಚಾವಣಿ ಸೋರಿತು. ಒಳ್ಳೇದೇ ಆಯ್ತು. ರಿಪೇರಿ ಜೊತೆಗೆ ಇಡೀ ಹಾಲನ್ನೇ ಹೊಸದು ಮಾಡಿಸೋಣ ಅಂತಾಯಿತು. ಟೀಚರಮ್ಮನಿಗೆ ಕಾಟೇಜಿನ ಹಾಗೆ ಬೆಚ್ಚಗಿರಬೇಕು: ಹೂವಿನ ಪರದೆ, ಮೆತ್ತನೆ ದಿಂಬು, ಕಣ್ಣು ಹಾಯಿಸಿದಲ್ಲೆಲ್ಲ ಬೆತ್ತದ ಬುಟ್ಟಿ. ಕನ್ನಡಕದಂಗಡಿ ಇಟ್ಟಿದ್ದ ಯಜಮಾನರಿಗೆ ಐವತ್ತರ ದಶಕದ ಸ್ಟೈಲೇ ಆಗಬೇಕು: ನೇರ ಗೆರೆ, ತೆಳುಗಾಲಿನ ತೇಗದ ಕುರ್ಚಿ, ಬೋಳು ಗೋಡೆ. ಇವರು ಹೂವು ಅಂದರೆ ಅವರು ಮೂಗು ಮುರಿದರು. ಅವರು ಕುರ್ಚಿಯ ಚಿತ್ರ ತೋರಿಸಿದರೆ ಇವರು, ಅದರ ಮೇಲೆ ಕೂರೋಕೆ ಮೊದಲು ಉಪವಾಸ ಮಾಡಬೇಕು ಅಂದರು. ಊಟಕ್ಕೆ ಕೂತಾಗ ಶುರುವಾದದ್ದು ದೀಪ ಆರಿಸಿದ ಮೇಲೂ ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಹೊಳೆಯದೇ ಇದ್ದ ಉತ್ತರವನ್ನು ಯಜಮಾನರು ಅಂಗಡಿಯಿಂದ ಫೋನ್ ಮಾಡಿ ಹೇಳಿ, ಪಟ್ಟಂತ ಇಟ್ಟುಬಿಡುತ್ತಿದ್ದರು. ಟೀಚರಮ್ಮ ಸ್ಟಾಫ್‌ರೂಮಿನಲ್ಲಿ ಗೊಣಗುತ್ತಲೇ ಒಳಗೊಳಗೇ ನಗುತ್ತಿದ್ದರು.

ಈ ಸುಖಕ್ಕೆ ಕಲ್ಲು ಹಾಕಿದವನು ಬಡಗಿ. ಗಂಡ ಹೆಂಡತಿ ಮಧ್ಯೆ ಯಾಕಪ್ಪಾ ವೈಮನಸ್ಯ ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿಕೊಂಡು, ತೆಳುಗಾಲಿನ ಕುರ್ಚಿಗೆ ಹೂವಿನ ದಿಂಬು ಕೂರಿಸಿದ. ಗೋಡೆ ಬೋಳಾಗೇ ಬಿಟ್ಟು ಕಿಟಕಿಗೆ ಪರದೆ ಕಟ್ಟಿದ. ಬುಟ್ಟಿಗಳನ್ನೆಲ್ಲ ತೇಗದ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ. ಹಾಳಾದ್ದು, ಚೆನ್ನಾಗೇ ಬಂದಿತ್ತು! ನೆಂಟರಿಷ್ಟರೆಲ್ಲ ಬಂದು ಹೊಗಳಿ ಹೋದರು. ತಕರಾರು ತೆಗೆಯೋಕೆ ಒಂದು ಮೂಲೆಯೂ ಉಳಿದಿರಲಿಲ್ಲ.

ಅವತ್ತು ಸಂಜೆ ಇಬ್ಬರೂ ಎದುರುಬದುರು ಕೂತರು. ಚೆನ್ನಾಗಿದೆ ಅಂದರು ಯಜಮಾನರು. ಚೆನ್ನಾಗಿದೆ ಅಂದರು ಟೀಚರಮ್ಮ. ವಾರ ಕಳೆಯುವಷ್ಟರಲ್ಲಿ ಮಾತು ಮತ್ತೆ "ಹೂಂ"ಗೆ ಬಂದು ನಿಂತಿತು. ಟೀಚರಮ್ಮನಿಗೆ ಅಳುವೇ ಬಂತು. ಇಷ್ಟು ಚೆಂದದ ಹಾಲಿನಲ್ಲಿ ಕೂತು ಅಳೋದಕ್ಕೂ ನಾಚಿಕೆ.

ಒಂದು ಭಾನುವಾರ ನೋಡಿದರೆ, ನೀರು ಕುಡಿಯೋಕೂ ಅಡುಗೆಮನೆಗೆ ಬಾರದ ಯಜಮಾನರು ಒಲೆಯ ಮುಂದೆ ನಿಂತಿದ್ದಾರೆ. ತಿರುಗಿ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಈ ಅಡುಗೆಮನೆ ನೋಡೋಕಾಗಲ್ಲ ಕಣೇ. ಎಲ್ಲಾ ಒಡೆಸಿ ಬರೀ ಸ್ಟೀಲ್ ಹಾಕಿಸೋಣ ಅಂತಿದೀನಿ."

ಅವರ ದನಿ ನಡುಗುತ್ತಿತ್ತು. ಅಯ್ಯೋ, ಇವರಿಗೂ ನನ್ನಷ್ಟೇ ಭಯವಾಗಿದೆ ಅಂತ ಟೀಚರಮ್ಮನಿಗೆ ಆಗ ಗೊತ್ತಾಯಿತು. ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲೇ ಕೂತರು.

"ನಾನು ಸತ್ತಮೇಲೆ ಹಾಕಿಸ್ಕೊಳ್ಳಿ," ಅಂದರು. ಆಮೇಲೆ, "ಮತ್ತೆ ನೋಡ್ರೀ, ಈ ಸಲ ಆ ಬಡಗಿ ಮಾತ್ರ ಬೇಡ. ಅವನು ತುಂಬಾ ಒಳ್ಳೆಯವನು."