ಅಪ್ಪ ತಿನ್ನದ ಸಕ್ಕರೆ

ಗ್ರೀನ್‌ಲ್ಯಾಂಡಿನ ನಮ್ಮ ಪಡುಗಡಲ ಊರುಗಳಲ್ಲಿ ಮಗುವಿಗೆ ಭೇದಿ ಹಿಡಿದರೆ ಮನೆಮನೆಯಲ್ಲೂ ಒಬ್ಬ ವೈದ್ಯ ಹುಟ್ಟುತ್ತಾನೆ. ಹಲ್ಲು ಬರುತ್ತಿದೆ ಅಂತ ಒಬ್ಬರು, ತಾಯಿ ಏನೋ ತಿಂದಿರಬೇಕು ಅಂತ ಇನ್ನೊಬ್ಬರು. ಕೊನೆಗೆ ಎಲ್ಲರ ಮದ್ದೂ ಒಂದೇ, ಸಕ್ಕರೆ ನೀರು. ನನ್ನ ಮಗನಿಗೂ ಅದನ್ನೇ ಕುಡಿಸಿದೆವು. ಕುಡಿಸಿದಷ್ಟೂ ಅವನು ಒಣಗಿದ.

ಅವನ ಹೆಸರು ಓಟ್ಟೊರಾಕ್. ಅದು ನನ್ನ ಅಪ್ಪನ ಹೆಸರು. ಸೀಲ್ ಬೇಟೆಗೆ ಹೋದ ಅಪ್ಪ ಕಾಲಡಿಯ ಹಿಮಗಡ್ಡೆ ಒಡೆದು ಮುಳುಗಿದ ವರ್ಷವೇ ಇವನು ಹುಟ್ಟಿದ. ಹೆಸರಿಟ್ಟರೆ ಹೋದವರು ಮನೆಗೆ ಮರಳಿದ ಹಾಗೆ. ಅದಕ್ಕೇ ನಾನು ಮಗನನ್ನು ಅಪ್ಪ ಅನ್ನುತ್ತೇನೆ, ನನ್ನ ಅವ್ವ ಸಬೀನ ಅವನನ್ನು "ರೀ" ಅಂತ ಕರೆಯುತ್ತಾಳೆ. ಹೆಸರು ಹೊತ್ತು ಬಂದವರಿಗೆ ಯಾವುದನ್ನೂ ಇಲ್ಲ ಅನ್ನಬಾರದು.

ಅವ್ವನಿಗೆ ಒಂದು ಕೊರಗಿತ್ತು. ಅಪ್ಪ ಬದುಕಿದ್ದ ತನಕ ತನ್ನ ಪಾಲಿನ ಸಕ್ಕರೆ ತುಂಡನ್ನು ಮೆಲ್ಲಗೆ ಅವಳ ಬಟ್ಟಲಿಗೆ ಜಾರಿಸುತ್ತಿದ್ದ. ಹುಟ್ಟುಹಬ್ಬದ ಕಾಫಿಗೆ ಕರೆದ ಮನೆಗಳಲ್ಲಿ ಕೇಕೂ ಅವಳ ತಟ್ಟೆಗೇ ಹೋಗುತ್ತಿತ್ತು. ನೆರೆಯವರು ನೋಡಿ ನಗುತ್ತಿದ್ದರು. ತಾನು ತಿನ್ನದೆ ನನಗೇ ಕೊಟ್ಟ ಪುಣ್ಯಾತ್ಮ, ಈ ಸಲವಾದರೂ ಹೊಟ್ಟೆ ತುಂಬ ಸಿಹಿ ತಿನ್ನಲಿ ಅಂತ ಅವ್ವ ಮೊದಲ ಗಂಜಿಯಿಂದಲೇ ಸಕ್ಕರೆ ಸುರಿದಳು.

ಆವತ್ತಿನಿಂದ ಭೇದಿ. ಹೊಟ್ಟೆ ಮಾತ್ರ ಉಬ್ಬಿ ಬಿಗಿದಿತ್ತು, ತೊಡೆಯ ಚರ್ಮ ದೊಡ್ಡವರ ಅಂಗಿ ಹಾಕಿಕೊಂಡ ಹಾಗೆ ಜೋಲುತ್ತಿತ್ತು. ಅಳಲಿಕ್ಕೂ ಕಣ್ಣೀರಿರಲಿಲ್ಲ. ಸೂರ್ಯ ಮುಖ ತೋರಿಸದ ವಾರಗಳು ಅವು. ಗಾಳಿಗೆ ಪಟ್ಟಣದ ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರೂ ಇಳಿಯಲಿಲ್ಲ.

ಊರಿನ ಆರೋಗ್ಯ ಕಾರ್ಯಕರ್ತೆ ತಾಬಿತಾ ಬಂದಳು. ಭೇದಿ ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನು ತಿನ್ನಿಸಿದಿರಿ ಅಂತ ನನ್ನ ಹೆಂಡತಿ ನಿವಿಯನ್ನು ಕೇಳಿದಳು. ಬರೀ ಎದೆಹಾಲು ಕುಡಿಯುವಾಗ ಚೆನ್ನಾಗಿದ್ದ ಅಂದಾಗ ತಲೆ ಆಡಿಸಿದಳು. ಸಕ್ಕರೆ, ಗಂಜಿ, ಬಿಸ್ಕತ್ತು ನಿಲ್ಲಿಸಬೇಕು, ಎದೆಹಾಲು ಬಿಡಬಾರದು, ತಾನು ಕೊಡುವ ಪೊಟ್ಟಣದ ಪುಡಿಯನ್ನು ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು ಅಂದಳು.

ಅವ್ವನಿಗೆ ಸಿಟ್ಟು ಬಂತು. "ಸಕ್ಕರೆ ತಿಂದು ಸತ್ತೋರನ್ನ ಎಲ್ಲಾದ್ರೂ ನೋಡಿದೀಯೇನೇ, ತಾಬಿತಾ?"

ತಾಬಿತಾ ನಗಲಿಲ್ಲ. "ಅಕ್ಕ, ಸೀಲ್‌ನ ನೀನು ಇಡಿಯಾಗಿ ಪಾತ್ರೆಗೆ ಹಾಕ್ತೀಯಾ?"

"ಹುಚ್ಚಿ ಏನೇ ನಾನು? ಕೊಯ್ದೇ ಹಾಕ್ತೀನಿ."

"ಮನೇಲಿ ಚೂರಿನೇ ಇಲ್ದಿದ್ರೆ?"

"ಬಿದ್ದಲ್ಲೇ ಕೊಳೆಯುತ್ತೆ. ಉಬ್ಬುತ್ತೆ."

"ಇವನ ಹೊಟ್ಟೇಲಿ ಆಗ್ತಿರೋದು ಅದೇ ಅನ್ಸುತ್ತೆ. ಸಕ್ಕರೇನ, ಗಂಜೀನ ತುಂಡು ಮಾಡದಿದ್ರೆ ಅದು ರಕ್ತಕ್ಕೆ ಸೇರಲ್ಲ. ತುಂಡು ಮಾಡೋಕೆ ಕರುಳಲ್ಲಿ ಚೂರಿ ಇರುತ್ತೆ, ಕಿಣ್ವ ಅಂತಾರೆ. ನಮ್ಮ ಜನರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಆ ಚೂರಿ ಇರಲ್ಲ. ಪೊಟ್ಟಣದಲ್ಲಿರೋದು ಮೊದಲೇ ತುಂಡಾದ ಸಕ್ಕರೆ, ಹಾಗೇ ಒಳಗೆ ಹೋಗುತ್ತೆ."

ನಾನು ಶಾಲೆ ಬಿಟ್ಟು ಮೀನಿನ ಕಾರ್ಖಾನೆ ಸೇರಿದವನು. ಕಿಣ್ವ ಅನ್ನುವ ಮಾತು ಕೇಳಿದ್ದೇ ಆವತ್ತು. ಆದರೆ ಚೂರಿಯ ಮಾತು ನನಗೂ ಅರ್ಥವಾಯಿತು. ಅವ್ವನಿಗೂ ಆಗಿದೆ ಅಂದುಕೊಂಡೆ.

ಎರಡು ದಿನ ಕಳೆದರೂ ಭೇದಿ ನಿಲ್ಲಲಿಲ್ಲ. ತಾಬಿತಾ ಮತ್ತೆ ಬಂದು ಮಗುವನ್ನು ಎತ್ತಿಕೊಂಡಾಗ ಅದರ ಬಾಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಬಿಚ್ಚಿದಳು. ಒಳಗೆ ಸಕ್ಕರೆ ತುಂಡು.

ನಾನು ಸಕ್ಕರೆ ಡಬ್ಬಿ ತೆಗೆದು ಬಾಗಿಲಾಚೆಯ ಹಿಮಕ್ಕೆ ಎಸೆದೆ. ಅವ್ವ ಕದಲಲಿಲ್ಲ. "ನಿಮ್ಮಪ್ಪನ ಬಾಯಿಂದ ಕಿತ್ಕೊಂಡ್ಯಲ್ಲೋ. ಇನ್ನೊಂದ್ಸಲ ಸಾಯಿಸು, ಸಮಾಧಾನ ಆಗಲಿ," ಅಂದಳು.

ಆಗ ತಾಬಿತಾ ಮೆಲ್ಲಗೆ ಕೇಳಿದಳು. "ಅಕ್ಕ, ಭಾವ ಯಾವತ್ತಾದ್ರೂ ಸಕ್ಕರೆ ತಿಂದಿದ್ದು ನೋಡಿದೀಯಾ?"

"ನನಗೇ ಕೊಡ್ತಿದ್ರು. ಊರಿಗೆಲ್ಲ ಗೊತ್ತು."

"ಬಲವಂತಕ್ಕೆ ಕೇಕ್ ತಿಂದ ದಿನ?"

ಅವ್ವ ನನ್ನ ಕಡೆ ನೋಡಿದಳು. ನನ್ನ ಮದುವೆಯಲ್ಲಿ ಎರಡು ತುಂಡು ತಿಂದ ಅಪ್ಪ ಹೊಟ್ಟೆ ಹಿಡಿದುಕೊಂಡು ದೋಣಿಮನೆಯ ಹಿಂದೆ ಕೂತದ್ದು ನನಗೇ ನೆನಪಿತ್ತು, ಹೇಳಿದೆ. ಕುಡಿದದ್ದು ಜಾಸ್ತಿಯಾಗಿದೆ ಅಂತ ಎಲ್ಲರೂ ನಕ್ಕಿದ್ದೆವು.

"ಭಾವನಿಗೂ ಆ ಚೂರಿ ಇರಲಿಲ್ಲವೇನೋ," ಅಂದಳು ತಾಬಿತಾ. "ಇದು ರಕ್ತದಲ್ಲಿ ಹರಿದು ಬರುತ್ತೆ."

ಅವ್ವ ತನ್ನ ಅಂಗೈ ನೋಡುತ್ತಾ ಹೇಳಿದಳು. "ಈ ನನ್ನ ಮಗನಿಗಿಂತ ಮೊದಲು ಹುಟ್ಟಿದ್ಲಲ್ಲ, ನನ್ನ ಮಗಳು ಮರೀತ. ಅವಳಿಗೂ ಹಿಂಗೇ ಭೇದಿ ಆಗಿತ್ತು. ಸಕ್ಕರೆ ನೀರನ್ನ ನಾನೇ ಕುಡಿಸಿದೆ. ಕೊನೆ ಗುಟುಕು ಕೂಡ." ಆಮೇಲೆ ಎದ್ದು, ಪೊಟ್ಟಣದ ನೀರು ಕಲಸಿ, ಚಮಚ ಮಗುವಿನ ತುಟಿಗೆ ಹಿಡಿದಳು. "ಕುಡೀರಿ," ಅಂದಳು. "ಇದು ನಿಮಗೆ ಆಗುತ್ತಂತೆ."

ಗಾಳಿ ನಿಂತ ಮೇಲೆ ಮಗನನ್ನು ಪಟ್ಟಣಕ್ಕೆ ಕರೆದೊಯ್ದೆವು. ತಾಬಿತಾ ಹೇಳಿದ್ದು ಪರೀಕ್ಷೆಯಲ್ಲೂ ಬಂತು. ಈಗ ಓಟ್ಟೊರಾಕ್ ಮೀನು ತಿನ್ನುತ್ತಾನೆ, ಸೀಲ್ ಸಾರು ಕುಡಿಯುತ್ತಾನೆ. ಓರಗೆಯ ಮಕ್ಕಳು ಓಡುವಾಗ ಇವನು ಇನ್ನೂ ಬೆಂಚು ಹಿಡಿದು ನಿಲ್ಲುತ್ತಾನೆ. ಹೋದ ತಿಂಗಳುಗಳು ಮರಳಿ ಬರುವುದಿಲ್ಲ. ಅವ್ವ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಗುಡ್ಡದ ಮೇಲೆ ಮರೀತಳ ಚಿಕ್ಕ ಶಿಲುಬೆಯ ಹತ್ತಿರ ಒಬ್ಬಳೇ ಹೋಗಿ ಬರುತ್ತಾಳೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ. ಗಂಜಿ, ಸಕ್ಕರೆ ಶುರುವಾದ ಮೇಲೆ ಮಗುವಿಗೆ ಭೇದಿ ಹಿಡಿದರೆ, ಹೊಟ್ಟೆ ಉಬ್ಬಿದರೆ, ಮೈ ತುಂಬದಿದ್ದರೆ ನೆರೆಯವರ ಮದ್ದಿಗೆ ಕಾಯಬೇಡಿ. ಆವತ್ತೇ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋಗಿ. ಏನು ತಿಂದ ಮೇಲೆ ಶುರುವಾಯಿತು ಅಂತ ಬಾಯಿಬಿಟ್ಟು ಹೇಳಿ. ಕಾಯಿಲೆ ಯಾವುದು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಎದೆಹಾಲು ನಿಲ್ಲಿಸಬೇಡಿ. ಕಾಫಿಗೆ ಕರೆದಾಗ ಯಾರಾದರೂ ಸಿಹಿ ಬೇಡ ಅಂದರೆ ಒತ್ತಾಯ ಮಾಡಬೇಡಿ, ನಗಲೂ ಬೇಡಿ.

ನನ್ನ ಅಪ್ಪ ಬದುಕಿದ್ದಷ್ಟು ದಿನವೂ ತನ್ನ ಪಾಲಿನ ಸಿಹಿಯನ್ನು ಪಕ್ಕಕ್ಕೆ ಸರಿಸಿದ. ಯಾಕೆ ಅಂತ ನಾವು ಒಬ್ಬರೂ ಕೇಳಲಿಲ್ಲ. ನೀವು ಕೇಳಿ.