ಪಣಕ್ಕೆ ಬಿದ್ದ ಸೈಕಲ್

ನಾನೊಂದು ನೀಲಿ ಲೇಡೀಸ್ ಸೈಕಲ್. ಕಾರ್ಖಾನೆಯಲ್ಲಿ ಅದೇ ದಿನ ನನ್ನಂಥವು ನೂರಾರು ಹುಟ್ಟಿದವು, ಹೆಸರಿಡಲು ಯಾರಿಗೆ ಪುರಸೊತ್ತು? ಹಾವೇರಿ ಕಡೆಯ ಹೈಸ್ಕೂಲೊಂದರ ಅಂಗಳದಲ್ಲಿ ನಟ್ಟು ಬೋಲ್ಟು ಬಿಗಿಸಿ ನನ್ನನ್ನು ಎಂಟನೇ ಇಯತ್ತೆಯ ದಾಕ್ಷಾಯಣಿಗೆ ಕೊಟ್ಟರು. ಅವಳ ಊರು ಆರು ಕಿಲೋಮೀಟರು ದೂರ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಸೈಕಲ್ ಇರೂತನಕ ಸಾಲಿ, ಇಲ್ಲಂದ್ರ ಮನ್ಯಾಗಿರು" ಎಂದು ಅವ್ವ ಮೊದಲ ದಿನವೇ ಹೇಳಿಬಿಟ್ಟಳು. ಎರಡು ವರ್ಷ ನಾನು ಒಂದು ದಿನವೂ ಕೈಕೊಡಲಿಲ್ಲ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ದಾಕ್ಷಿಯ ಅಣ್ಣ ಮೈಲಾರಿ, ಹದಿನೇಳರ ಹುಡುಗ. ಒಂದು ಭಾನುವಾರ ಕಟಿಂಗ್ ಅಂಗಡಿಯ ಮುಂದೆ ನನ್ನ ಕ್ಯಾರಿಯರ್ ಮೇಲೆ ಕೂತು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಾ, ಮುಂದಿನ ಬಾಲ್ ಸಿಕ್ಸರ್ ಎಂದು ಗೆಳೆಯರೊಡನೆ ಬೆಟ್ ಕಟ್ಟಿದ. ಸಿಕ್ಸರ್ರೇ ಹೋಯಿತು! ಅಯ್ಯೋ, ಅವತ್ತೇ ಸೋತಿದ್ದರೆ ಎಷ್ಟು ಚೆನ್ನಾಗಿತ್ತು. "ಈ ಸೈಕಲ್ ನನಗ ಲಕ್ಕಿ ಐತಿ" ಎಂದು ಸೀಟು ತಟ್ಟಿದ. ನನಗದು ಹಿಡಿಸಲಿಲ್ಲ.

ಆಮೇಲೆ ಮ್ಯಾಚ್ ಇದ್ದಾಗಲೆಲ್ಲ ನಾನು ಅಲ್ಲಿ ಹಾಜರು. ದಾಕ್ಷಿ ನಡೆದೇ ಶಾಲೆಗೆ ಹೋದಳು, ಅವ್ವನಿಗೆ ಮಾತ್ರ ಹೇಳಲಿಲ್ಲ. ರೊಕ್ಕ ತೀರಿದ ಮೇಲೆ ಹುಡುಗರು ವಾಚು, ಬೂಟು ಒಡ್ಡತೊಡಗಿದರು. ಪಣಕ್ಕಿಟ್ಟ ಸಾಮಾನನ್ನು ಮ್ಯಾಚ್ ಮುಗಿಯುವತನಕ ಯಾರೂ ಮುಟ್ಟಬಾರದು, ಇದು ಅವರ ಕಟ್ಟಳೆ. ಒಂದು ಸಂಜೆ ಮೈಲಾರಿ ಕೆಳಗಿಳಿದು ನನ್ನ ಕೀಲಿಯನ್ನೇ ಅಂಗಡಿಯ ಕನ್ನಡಿಯ ಮುಂದೆ ಪಣಕ್ಕಿಟ್ಟ. ಸೋತ. "ಮ್ಯಾಲ ಕೂತಿದ್ರ ಗೆಲ್ತಿದ್ನಿ, ಇಳಿದದ್ದ ತಪ್ಪಾತು" ಎಂದ. ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. ತಂಗಿಯ ಸೈಕಲ್ ಹೋಯಿತೆಂಬುದು ಅವನ ತಲೆಗೆ ಹೊಕ್ಕೇ ಇರಲಿಲ್ಲ.

ಗೆದ್ದವನು ನನ್ನನ್ನು ಗುಜರಿಗೆ ಹಾಕಿದ. ಎದುರಿಗೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡು. ನಾಲ್ಕನೇ ದಿನ ಅಲ್ಲಿನ ಹೆಂಗಸರ ನಡುವೆ, ಮೂಗಿಗೆ ವೇಲು ಕಟ್ಟಿಕೊಂಡು ದಾಕ್ಷಿ ಕೂತಿದ್ದಳು. ನನ್ನನ್ನು ನೋಡಿದಳು. ನಾನು ಯಾಕಾದರೂ ಅವಳ ಕಣ್ಣಿಗೆ ಬಿದ್ದೆನೋ.

ಇವತ್ತು ಶನಿವಾರ. ಸೋಮವಾರದಿಂದ ಶಾಲೆಗೆ ಬಾರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮಾಸ್ತರರು ಹೇಳಿ ಕಳಿಸಿದ್ದಾರೆ. ನನ್ನನ್ನು ಬಿಡಿಸಿಕೊಳ್ಳಲೆಂದೇ ದಾಕ್ಷಿ ಮೂರು ವಾರದ ಕೂಲಿ ಕೂಡಿಸಿದ್ದಳು. ಹೆಣ್ಣುಮಕ್ಕಳು ಗುಜರಿಗೆ ಹೋಗಿ ಚೌಕಾಸಿ ಮಾಡಬಾರದೆಂದು ಅವ್ವ ಆ ರೊಕ್ಕವನ್ನು ಮೈಲಾರಿಯ ಕೈಗೇ ಕೊಟ್ಟಳು. ಮೈಲಾರಿ ಮಧ್ಯಾಹ್ನ ಬಂದ. ಗುಜರಿಯ ಹುಸೇನಸಾಬರು ರೇಟು ಹೇಳಿದರು. ಜೇಬಿನಿಂದ ರೊಕ್ಕ ತೆಗೆಯುವಷ್ಟರಲ್ಲಿ ಅವನ ಫೋನ್ ಗುಂಯ್ ಅಂದಿತು, ಮ್ಯಾಚಿನ ಮೆಸೇಜು. ನೋಡಿದ. ಮುಖಕ್ಕೆ ಕಳೆ ಬಂತು.

"ಹತ್ತು ನಿಮಿಷ ತಡೀರಿ ಕಾಕಾ, ಬಂದೆ."

ಸಂಜೆ ಕೆಲಸ ಬಿಟ್ಟ ದಾಕ್ಷಿ ರಸ್ತೆ ದಾಟಿ ಬಂದಳು. ಖಾರಕ್ಕೆ ಬೆರಳು ಊದಿದ್ದವು.

"ಅಣ್ಣ ರೊಕ್ಕ ಕೊಟ್ಟನೇನ್ರಿ ಕಾಕಾ?"

"ಹತ್ತು ನಿಮಿಷದಾಗ ಬರ್ತೀನಂತ ಹೇಳಿ ಹೋಗ್ಯಾನ ತಂಗಿ. ಮಧ್ಯಾಹ್ನ."

ನಾನು ಕಬ್ಬಿಣ. ಕರಗಿಸಿದರೆ ಬಾಗಿಲೋ ಬಕೆಟ್ಟೋ ಆಗಿ ಮತ್ತೆ ಹುಟ್ಟುತ್ತೇನೆ. ಈ ಹುಡುಗಿಗೆ ಇರುವುದು ಇದೊಂದೇ ಸೋಮವಾರ.

ಹುಸೇನಸಾಬರು ಬಾಗಿಲು ಹಾಕಲು ಕೀಲಿ ಹಿಡಿದು ನಿಂತಿದ್ದಾರೆ. ದಾಕ್ಷಿ ನನ್ನ ಹ್ಯಾಂಡಲ್ ಬಿಟ್ಟಿಲ್ಲ.

"ಬರ್ತಾನ್ರಿ" ಎನ್ನುತ್ತಿದ್ದಾಳೆ. "ಬಂದ ಬರ್ತಾನ."