ಜೀಲಾನಿ ಮನೆಯ ಒದ್ದೆ ಗೋಡೆ

ಚಳಿಯ ಜೊತೆಗೆ ಮಳೆಗಾಲ ಬಂತೆಂದರೆ ಟ್ಯೂನಿಸ್‌ನ ಹಳೆಯ ಪೇಟೆಯಲ್ಲಿ ಗೋಡೆಗಳು ಬೆವರುತ್ತವೆ. ನಮ್ಮ ಓಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆವರುತ್ತಿದ್ದುದು ಜೀಲಾನಿ ಮನೆಯ ಗೋಡೆ.

ಜೀಲಾನಿಯದು ಕೆಂಪು ಉಣ್ಣೆ ಟೋಪಿ ಮಾಡುವ ಕಸುಬು. ಮನೆಯಲ್ಲಿ ಹೆಂಡತಿ ಬೇಯಾ, ವಯಸ್ಸಾದ ತಾಯಿ ಶೆದ್ಲಿಯಾ. ತಾಯಿಯ ಕೋಣೆಯ ಗೋಡೆಯಿಂದ ಸುಣ್ಣದ ಚಕ್ಕೆ ಉದುರಿ ಹಾಸಿಗೆ ಮೇಲೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಜೀಲಾನಿ ಆ ಗೋಡೆಗೆ ದಪ್ಪಗೆ ಸಿಮೆಂಟ್ ಬಳಿಸಿದ. ಗೋಡೆ ಹೊಸದರಂತೆ ಕಂಡಿತು. ಮೊದಲ ಮಳೆ ಮುಗಿಯುವಷ್ಟರಲ್ಲಿ ತೇವ ಸಿಮೆಂಟನ್ನೂ ದಾಟಿ ಮಾಡಿನವರೆಗೆ ಹತ್ತಿತು. ಮೂಲೆಯಲ್ಲಿ ಬೂಷ್ಟು ಹಿಡಿಯಿತು. ಮುದುಕಿಗೆ ಕೆಮ್ಮು ಹತ್ತಿಕೊಂಡಿತು.

ಕೆಮ್ಮಿನ ಸುದ್ದಿ ಕೇಳಿ ಅದೇ ಓಣಿಯ ಸಲೂಹಾ ಕಡಲೆಕಾಳಿನ ಬಿಸಿ ಸಾರು ಹಿಡಿದು ನೋಡಲು ಬಂದರು. ಅವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಈಗ ಪೇಟೆಯ ನಿವಾಸಿಗಳೇ ಕಟ್ಟಿಕೊಂಡ ಸಂಘದ ಕೆಲಸ ನೋಡುತ್ತಾರೆ. ಓಣಿಯವರೆಲ್ಲ ಅಮ್ಮಾ ಎನ್ನುವಂತೆ ಗೌರವದಿಂದ ‘ಲಲ್ಲಾ ಸಲೂಹಾ’ ಎನ್ನುತ್ತಾರೆ. ಒಳಗೆ ಬಂದವರು ಗೋಡೆ ನೋಡಿ ನಿಂತರು.

“ಜೀಲಾನಿ, ಇದಕ್ಕೆ ಸಿಮೆಂಟ್ ಬಳಿಸಿದ್ದು ಯಾಕಪ್ಪಾ?”

“ಗಟ್ಟಿ ಇರ್ಲಿ ಅಂತ, ಲಲ್ಲಾ. ಮುಟ್ಟಿ ನೋಡಿ, ಬಂಡೆ ಇದ್ದ ಹಾಗಿದೆ.”

“ಅದೇ ತೊಂದ್ರೆ ಆಗಿರೋದು. ಹಳೇ ಗೋಡೆ ಅಂದ್ರೆ ಕಲ್ಲು, ಮಣ್ಣು, ಸುಣ್ಣ. ನೆಲದ ತೇವ ಹೀರುತ್ತೆ, ಆಮೇಲೆ ಸುಣ್ಣದ ಮೂಲಕ ಗಾಳಿಗೆ ಬಿಟ್ಬಿಡುತ್ತೆ. ನೀನು ಸಿಮೆಂಟ್ ಬಳಿದು ಅದರ ಉಸಿರು ಕಟ್ಟಿಸಿದೀಯ. ನೀರು ಹೋಗೋದಾದ್ರೂ ಎಲ್ಲಿಗೆ? ಮೇಲಕ್ಕೆ ಹತ್ತುತ್ತೆ, ಒಳಗಿನ ಮಣ್ಣನ್ನ ತಿನ್ನುತ್ತೆ.”

“ಇವತ್ತು ಗೋಡೆಗೆ ಉಸಿರು ಅಂದ್ರಿ. ನಾಳೆ ಅದಕ್ಕೂ ಒಂದು ಲೋಟ ಕಾಫಿ ಕೊಡು ಅಂತೀರೇನೋ.”

ಬೇಯಾ ಮುಖ ತಿರುಗಿಸಿಕೊಂಡು ನಕ್ಕಳು. ಸಲೂಹಾ ಕೂಡ ನಕ್ಕರು. “ಸಂಘದಿಂದ ಮೇಸ್ತ್ರೀನ ಕರಕೊಂಡು ಬರ್ತೀನಿ, ಸುಮ್ನೆ ತೋರಿಸು” ಎಂದರು.

ಜೀಲಾನಿಯ ನಗೆ ಮಾಯವಾಯಿತು. “ಬೇಡ. ಸಂಘದೋರು ಬರ್ತಾರೆ, ಬಾಗಿಲಿನ ಫೋಟೊ ತೆಗೀತಾರೆ, ಹೋಗ್ತಾರೆ. ಹಿಂದೇನೇ ದುಡ್ಡಿರೋನು ಬರ್ತಾನೆ, ಮನೆ ಹೋಟೆಲ್ ಆಗುತ್ತೆ. ಓಣಿ ಬಾಯಲ್ಲಿರೋ ಆ ಮನೆ ಏನಾಯ್ತು, ನೀವೇ ನೋಡಿದೀರಲ್ಲ.”

“ನಿಜ. ರಿಪೇರಿ ಮಾಡಿಸೋಕೆ ಕೈಲಾಗದೆ ಅವರು ಮಾರಿದ್ರು. ಅದನ್ನ ನೋಡಿನೇ ನಾವು ಸಂಘ ಕಟ್ಟಿದ್ದು. ಮನೆಯವರು ಅಲ್ಲೇ ಬಾಳ್ತೀವಿ ಅಂದ್ರೆ ಮಾತ್ರ ನಾವು ಕೆಲಸಕ್ಕೆ ಕೈ ಹಾಕೋದು.”

ಜೀಲಾನಿ ಒಪ್ಪಲಿಲ್ಲ. ಸಲೂಹಾ ಬಲವಂತ ಮಾಡಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ. ಬೆಳಗಿನಿಂದ ಮಳೆ ಹಿಡಿದಿತ್ತು. ಬೇಯಾ ಅಡುಗೆಮನೆಯಲ್ಲಿ ರವೆಯ ಕುಸ್‌ಕುಸ್, ಅದರ ಸಾರು ಬೇಯಿಸುತ್ತಿದ್ದಳು. “ಅತ್ತೇ, ಸಾರಿಗೆ ಉಪ್ಪು ಸರಿ ಇದೆಯಾ, ಬಂದು ನೋಡ್ತೀರಾ?” ಎಂದು ಕರೆದಳು. ಶೆದ್ಲಿಯಾ ಎದ್ದು ಬಂದು ಚಮಚ ಬಾಯಿಗಿಡುವಷ್ಟರಲ್ಲಿ ಒಳಗಿನಿಂದ ದೊಡ್ಡ ಸದ್ದು. ಸಿಮೆಂಟಿನ ಪದರ, ಅದಕ್ಕೆ ಅಂಟಿಕೊಂಡಿದ್ದ ಕಲ್ಲುಗಳ ಸಮೇತ ಮಂಚದ ಮೇಲೆ ಕುಸಿದಿತ್ತು. ತಲೆದಿಂಬು ಕಾಣುತ್ತಿರಲಿಲ್ಲ.

ಜೀಲಾನಿ ಮಂಚ ನೋಡಿದ, ತಾಯಿಯನ್ನು ನೋಡಿದ. “ಸಾಕು. ಊರಾಚೆ ಫ್ಲ್ಯಾಟ್ ಹುಡುಕ್ತೀನಿ. ಇದು ಬಿದ್ದು ಹೋಗ್ಲಿ” ಎಂದ.

ಸದ್ದು ಕೇಳಿ ಓಡಿ ಬಂದಿದ್ದ ಸಲೂಹಾ ಹೇಳಿದರು: “ನೀನು ಹೋಗಬಹುದು. ಆದ್ರೆ ಪಕ್ಕದ ಮನೆಯ ಹಾದಿ ಇದಾನಲ್ಲ, ಅವನ ಮನೆ ತೊಲೆ ಇದೇ ಗೋಡೆ ಮೇಲೆ ಕೂತಿದೆ. ಇದು ಬಿದ್ರೆ ಅವನದೂ ಬೀಳುತ್ತೆ. ಅವನದು ಬಿದ್ರೆ ಅದರಾಚೆದು. ಇಲ್ಲಿ ಯಾರ ಮನೇನೂ ಒಂಟಿಯಾಗಿ ನಿಂತಿಲ್ಲ ಕಣಪ್ಪಾ. ನನ್ನ ಮಾತು ನಂಬಬೇಡ. ಮೇಲಿನ ಓಣಿಯಲ್ಲಿ ನಾಸೆರ್ ಮನೆ ಕೆಲಸ ಮುಗಿದಿದೆ. ಬಂದು ಕಣ್ಣಾರೆ ನೋಡು.”

ಮಳೆ ನಿಂತ ಮೇಲೆ ಜೀಲಾನಿ ಹೋದ. ನಾಸೆರ್ ಮನೆಯ ಗೋಡೆಗೆ ಅಂಗೈ ಇಟ್ಟ. ಒಣಗಿತ್ತು. ಕೆಳಗೆ ಬಗ್ಗಿ ನೆಲದ ಅಂಚಿನಲ್ಲೂ ಮುಟ್ಟಿ ನೋಡಿದ. ಅಲ್ಲೂ ಒಣಗಿತ್ತು.

“ಸುಖವಾಗಿ ಆಯ್ತು ಅಂತ ಸುಳ್ಳು ಹೇಳಲ್ಲ” ಎಂದ ನಾಸೆರ್. “ತಿಂಗಳುಗಟ್ಟಲೆ ಧೂಳು ತಿಂದ್ವಿ. ನನ್ ಹೆಂಡ್ತಿ ಸಂಘದೋರಿಗೆಲ್ಲ ಶಾಪ ಹಾಕಿದ್ಲು. ಈಗ ಮಗಳ ಮದುವೇನ ಇದೇ ಅಂಗಳದಲ್ಲಿ ಮಾಡ್ತೀನಿ ಅಂತ ಕೂತಿದಾಳೆ.”

“ಮನೆ ನಿನ್ನ ಹೆಸರಲ್ಲೇ ಇದೆಯಾ?”

“ಮತ್ತಿನ್ಯಾರ ಹೆಸರಲ್ಲಿ ಇರುತ್ತೆ?”

ಮಾರನೆಯ ದಿನ ಜೀಲಾನಿಯೇ ಸಲೂಹಾ ಮನೆಗೆ ಹೋಗಿ ಮೇಸ್ತ್ರಿಯನ್ನು ಕರೆಯಲು ಹೇಳಿದ.

ಮೇಸ್ತ್ರಿ ಬಂದು ಮೊದಲು ಗೋಡೆಗೂ ಮಾಡಿಗೂ ಮರದ ಆಸರೆ ಕೊಟ್ಟ. ಗೋಡೆಯ ಬುಡ ಅಗೆದಾಗ ನೀರು ಒಸರುತ್ತಿತ್ತು. ಸಿಮೆಂಟ್ ಅರ್ಧ ಕಾರಣ ಮಾತ್ರ. ಓಣಿಯ ಮಳೆನೀರು ಹೋಗುವ ಹಳೆಯ ಕಾಲುವೆ ಎಲ್ಲೋ ಕಟ್ಟಿಕೊಂಡು, ನೀರೆಲ್ಲ ಇತ್ತ ತಿರುಗಿತ್ತು. ಕಾಲುವೆ ಹಾದುಹೋಗುತ್ತಿದ್ದುದು ಹಾದಿಯ ಅಂಗಡಿಯ ನೆಲದಡಿ. ಅದನ್ನು ತೆರೆಯದೆ ಗೋಡೆ ಒಣಗದು.

ಹಾದಿ ಎಣ್ಣೆಯಲ್ಲಿ ಬಳೆಯಂಥ ಸಿಹಿತಿಂಡಿ ಕರಿದು ಮಾರುವವನು. ಟೋಪಿ ತೊಳೆದ ಕೆಂಪು ನೀರು ಅಂಗಡಿ ಮುಂದೆ ಹರಿಯಿತೆಂದು ಜೀಲಾನಿಗೂ ಅವನಿಗೂ ಜಗಳವಾಗಿ, ಮಾತು ನಿಂತು ವರ್ಷಗಳೇ ಆಗಿದ್ದವು.

“ನೀವೇ ಕೇಳಿ, ಲಲ್ಲಾ” ಎಂದ ಜೀಲಾನಿ.

“ಬೀಳ್ತಿರೋದು ನಿನ್ನ ಗೋಡೆ. ನೀನೇ ಕೇಳು.”

ಜೀಲಾನಿ ಅಂಗಡಿ ಮುಂದೆ ಹೋಗಿ ಸಲಾಂ ಹೇಳಿದ. ಹಾದಿ ಬಾಣಲೆಯಿಂದ ಕಣ್ಣೆತ್ತಲಿಲ್ಲ.

“ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?”

“ನಿನ್ನ ಅಂಗಡಿ ನೆಲ ಅಗೀಬೇಕಂತೆ, ಹಾದಿ. ನನ್ನ ಗೋಡೆ ಹೋದ್ರೆ ನಿನ್ನ ಮಾಡೂ ಉಳಿಯಲ್ಲ.”

“ರಂಜಾನ್ ಹತ್ರ ಬಂತು. ನನ್ನ ವ್ಯಾಪಾರ ಆಗೋದೇ ಆಗ. ಅಂಗಡಿ ಅಗೆದು ನಾನು ಎಲ್ಲಿ ಕೂತ್ಕೊಳ್ಳಲಿ, ನಿನ್ನ ತಲೆ ಮೇಲಾ?”

ಜೀಲಾನಿ ತನ್ನ ಮನೆಯ ಬಾಗಿಲಿನತ್ತ ಕೈ ತೋರಿಸಿದ. “ನಮ್ಮನೆ ಮೊಗಸಾಲೇಲಿ ಕೂತ್ಕೋ. ಬಾಗಿಲು ಓಣಿಗೇ ತೆರೆಯುತ್ತೆ. ಒಲೆ ಅಲ್ಲೇ ಇಡು.”

ಹಾದಿ ಆಗ ತಲೆ ಎತ್ತಿದ. “ಬೇಯಾ ಒಪ್ತಾಳಾ? ಮನೆಯೆಲ್ಲ ಎಣ್ಣೆ ವಾಸನೆ.”

“ಉಪಾಯ ಅವಳದೇ. ಬೂಷ್ಟಿನ ವಾಸನೆಗಿಂತ ವಾಸಿ ಅಂದ್ಲು.”

ನೆಲ ಅಗೆದರು. ಚಪ್ಪಡಿ ಎತ್ತಿದಾಗ ಓಣಿಯವರೆಲ್ಲ ಸುತ್ತ ನಿಂತಿದ್ದೆವು. ಕಾಲುವೆಯ ಬಾಯಲ್ಲಿ ಕುರಿಮರಿಯಷ್ಟು ದೊಡ್ಡ ಜಿಡ್ಡಿನ ಗಡ್ಡೆ. ಕರಿದ ಎಣ್ಣೆ ಹೆಪ್ಪುಗಟ್ಟಿತ್ತು. ಅದರೊಳಗೆ ಹೆಣೆದುಕೊಂಡಿದ್ದ ಉಣ್ಣೆ ಇನ್ನೂ ಕೆಂಪಗಿತ್ತು. ನಮ್ಮೆಲ್ಲರ ಮನೆಗಳ ಪ್ಲಾಸ್ಟಿಕ್ ಚೀಲಗಳೂ ಇದ್ದವು.

ಕೊನೆಗೆ ಹಾದಿಯೇ, “ನನ್ನ ಎಣ್ಣೆ, ನಿನ್ನ ಉಣ್ಣೆ. ಇಬ್ಬರೂ ಸೇರಿ ಒಳ್ಳೆ ಬಿರಡೆ ಮಾಡಿದೀವಿ ಬಿಡು” ಎಂದ. ಜೀಲಾನಿಗೆ ನಗು ತಡೆಯಲಾಗಲಿಲ್ಲ.

ಹಾರೆ ಹಿಡಿದು ಇಬ್ಬರೂ ಕಾಲುವೆಗೆ ಇಳಿದರು. ಓಣಿಗೆ ಗಾಡಿ ಬರುವುದಿಲ್ಲವಾದ್ದರಿಂದ ಮಣ್ಣು, ಮರಳನ್ನು ನಾವು ಸಾಲಾಗಿ ನಿಂತು ಬುಟ್ಟಿಯಲ್ಲಿ ದಾಟಿಸಿದೆವು. ಉಳಿದ ಸಿಮೆಂಟನ್ನು ಕೆತ್ತಿ ತೆಗೆದು, ಸಡಿಲವಾಗಿದ್ದ ಕಲ್ಲುಗಳನ್ನು ಮತ್ತೆ ಕೂರಿಸಿ, ಬೇಸಿಗೆಯುದ್ದಕ್ಕೂ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟರು. ಮೇಲಿನ ಪುಟ್ಟ ಕೋಣೆಯೊಂದು ಉಳಿಯಲಿಲ್ಲ, ಅದನ್ನು ಇಳಿಸಲೇಬೇಕಾಯಿತು. ಶರತ್ಕಾಲಕ್ಕೆ ಮೊದಲು ಸುಣ್ಣದ ಗಾರೆ ಬಳಿದರು. ಆ ವರ್ಷದ ಮಳೆಗೆ ಗೋಡೆ ಬೆವರಲಿಲ್ಲ. ಈಗ ಹಾದಿ ಹಳೆ ಎಣ್ಣೆಯನ್ನು ಡಬ್ಬದಲ್ಲಿ ತುಂಬಿಡುತ್ತಾನೆ. ಜೀಲಾನಿ ಟೋಪಿ ತೊಳೆದ ನೀರನ್ನು ಜರಡಿಯಲ್ಲಿ ಸೋಸುತ್ತಾನೆ. ಮಳೆಗೆ ಮುಂಚೆ ಮನೆಗೊಬ್ಬರಂತೆ ಸೇರಿ ಕಾಲುವೆಯ ಹೂಳು ತೆಗೆಯುತ್ತೇವೆ.

ಫ್ಲ್ಯಾಟಿನ ಮಾತು ಏನಾಯಿತೆಂದು ಯಾರೋ ಕೇಳಿದ್ದಕ್ಕೆ ಜೀಲಾನಿ, “ಅಲ್ಲಿ ಜಗಳ ಆಡೋಕೆ ಹಾದಿ ಎಲ್ಲಿ ಸಿಗ್ತಾನೆ?” ಎಂದನಂತೆ.

ಹಳೆಯ ಪೇಟೆಗಳಲ್ಲಿ ಬಾಳುವ ಅಣ್ಣಂದಿರೇ, ಅಕ್ಕಂದಿರೇ, ಗೋಡೆ ಒದ್ದೆಯಾದರೆ ಸಿಮೆಂಟ್ ಚೀಲಕ್ಕೆ ಕೈ ಹಾಕುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಸುಣ್ಣದ ಗೋಡೆಗೆ ಸುಣ್ಣವನ್ನೇ ಬಳಿಸಿ. ಬಿರುಕು ಚಿಕ್ಕದಿರುವಾಗಲೇ ಬಲ್ಲವರಿಗೆ ತೋರಿಸಿ. ನಿಮ್ಮ ಬೀದಿಯಲ್ಲಿ ಸಂಘವಿದ್ದರೆ ಸೇರಿಕೊಳ್ಳಿ, ಇಲ್ಲದಿದ್ದರೆ ನಾಲ್ಕು ಮನೆಯವರು ಕೂತು ಕಟ್ಟಿಕೊಳ್ಳಿ. ಕಾಲುವೆಯ ಚಪ್ಪಡಿಯನ್ನು ಒಬ್ಬರೇ ಎತ್ತಲು ಹೋಗಬೇಡಿ, ಪಕ್ಕದ ಮನೆಯವರನ್ನು ಕರೆಯಿರಿ. ಅವರೊಡನೆ ಮಾತು ಬಿಟ್ಟಿದ್ದರೆ, ಅವರನ್ನೇ ಮೊದಲು ಕರೆಯಿರಿ.